ಅಂಕಪಟ್ಟಿ ಹಣೆಬರಹವಲ್ಲ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಹಿರಿಯರು ನಮ್ಮ ಹೋಟೆಲು ಕಸುಬಿನವರಿಗಾಗಿಯೇ ಕಟ್ಟಿದರೋ ಏನೋ ಎಂದು ನಮಗೆ ಎಷ್ಟೋ ಬಾರಿ ಅನಿಸಿದ್ದುಂಟು. ಗಲ್ಲೆಯ ಮುಂದೆ ನಿಂತ ಗಿರಾಕಿಯು ಬಿಲ್ಲನ್ನು ತಿರುಗಿಸಿ ನೋಡಿ, "ಸ್ವಾಮೀ, ಕೂಡಿದ್ದರಲ್ಲಿ ತಪ್ಪಿದೆಯೇನೋ, ಇನ್ನೊಮ್ಮೆ ನೋಡಿ" ಎಂದರೆ ನಾವು ಕೋಪಿಸಿಕೊಳ್ಳುವುದಿಲ್ಲ. ಮತ್ತೊಮ್ಮೆ ಕೂಡುತ್ತೇವೆ. ತಪ್ಪಿದ್ದರೆ ತಿದ್ದುತ್ತೇವೆ, ಇಲ್ಲದಿದ್ದರೆ ವಿನಯದಿಂದ ತೋರಿಸುತ್ತೇವೆ. ಇಷ್ಟು ಸರಳವಾದ ವ್ಯವಹಾರವನ್ನು ದಿನಕ್ಕೆ ನೂರು ಬಾರಿ ಕಾಣುವ ನಾವು, ನಮ್ಮ ಮಕ್ಕಳ ಅಂಕಪಟ್ಟಿಯ ವಿಷಯ ಬಂದೊಡನೆ ಮಾತ್ರ ಬಾಯಿ ಕಟ್ಟಿದವರಂತೆ ಸುಮ್ಮನಾಗುವುದೇಕೆ? ಪರೀಕ್ಷಕರು ಬರೆದ ಅಂಕಿಯು ಬ್ರಹ್ಮಲಿಪಿಯೇ? ಅದನ್ನು ಮತ್ತೊಮ್ಮೆ ಕೂಡಿ ನೋಡಿರೆಂದು ಕೇಳುವುದು ಅಪರಾಧವೇ? ಈ ಪ್ರಶ್ನೆಗಳನ್ನು ಇಂದು ವಾಚಕ ಬಂಧುಗಳ ಮುಂದಿಡಲು ಒಂದು ಕಾರಣವಿದೆ. ಆ ಕಾರಣದಲ್ಲಿ ನಮ್ಮದೇ ಆದ ಒಂದು ತಪ್ಪೂ ಸೇರಿದೆ.

ಹದಿನೈದು ವರ್ಷಗಳಿಗೂ ಹಿಂದಿನ ಮಾತು. ಆಗ ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿದ್ದ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ರಾತ್ರಿ ಬಾಗಿಲು ಹಾಕುವವರೆಗೆ ಟೇಬಲ್ಲಿನ ಕೆಲಸ, ಆಮೇಲೆ ಅಕ್ಕಿ ಮೂಟೆಗಳ ನಡುವೆ ಕುಳಿತು ಓದು. ಕಾಗದ ಪೆನ್ಸಿಲುಗಳ ಗೊಡವೆಯಿಲ್ಲದೆ ಹನ್ನೆರಡು ಬಗೆಯ ತಿಂಡಿಯ ಲೆಕ್ಕವನ್ನು ಬಾಯಲ್ಲೇ ಕೂಡಿ ಹೇಳುತ್ತಿದ್ದ ಜಾಣ. ಬಿ.ಕಾಂ. ಎರಡನೆಯ ವರ್ಷದಲ್ಲಿ ಅವನಿಗೆ ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ನೂರಕ್ಕೆ ಹದಿನೇಳು ಅಂಕಗಳು ಬಂದವು. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಅಂಕಪಟ್ಟಿಯನ್ನು ಬಿಡಿಸಿ ಗಲ್ಲೆಯ ಮೇಲಿಟ್ಟು, "ಧಣೀ, ಇದು ನನ್ನ ಅಂಕವಲ್ಲ" ಎಂದ. ಅಷ್ಟೇ ಅಂದ.

ನಾವು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. "ಹಣೆಯಲ್ಲಿ ಬರೆದದ್ದು ತಪ್ಪೀತೇ ಮಾರಾಯ? ದೊಡ್ಡವರ ಹತ್ತಿರ ನಮ್ಮಂಥವರಿಗೆ ಜಗಳ ಬೇಡ. ಮುಂದಿನ ಸಲ ಚೆನ್ನಾಗಿ ಬರೆ" ಎಂದೆವು. ಅವನು ಪಟ್ಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಟೇಬಲ್ಲಿಗೆ ಹೋದ. ಮರು ಎಣಿಕೆಗೆ ಅರ್ಜಿ ಹಾಕುವ ದಾರಿ ಆಗಲೂ ಇತ್ತು. ನಾವು ವಿಚಾರಿಸಲಿಲ್ಲ, ಅವನಿಗೆ ತಿಳಿದಿರಲಿಲ್ಲ. ಅವಧಿ ಮುಗಿಯಿತು. ವರ್ಷವೊಂದು ಹೋಯಿತು. ಅಷ್ಟರಲ್ಲಿ ಊರಲ್ಲಿ ತಂದೆಯವರು ಹಾಸಿಗೆ ಹಿಡಿದರು. ಓದು ಅಲ್ಲಿಗೇ ನಿಂತಿತು. ಇಂದು ಅವನು ಉಪನಗರವೊಂದರ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತಿದ್ದಾನೆ. ಮರ್ಯಾದೆಯ ಬಾಳು ಬಾಳುತ್ತಿದ್ದಾನೆ. ಆದರೆ ಆ ಉತ್ತರಪತ್ರಿಕೆಯಲ್ಲಿ ಏನಿತ್ತೆಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು. ಇನ್ನು ಮುಂದೆ ತಿಳಿಯುವಂತೆಯೂ ಇಲ್ಲ. ಅಂಕವು ಸರಿಯೇ ಇದ್ದಿರಬಹುದು. ಆದರೆ ಕೇಳಿ ತಿಳಿಯಬಹುದಾಗಿದ್ದುದನ್ನು ಕೇಳದೆ ಬಿಟ್ಟೆವಲ್ಲ, ಆ ಕೊರಗು ಉಳಿದಿದೆ. ಇದೇ ತಪ್ಪನ್ನು ನಮ್ಮ ವಾಚಕರು ಮಾಡಬಾರದೆಂಬುದೇ ಈ ಲೇಖನದ ಉದ್ದೇಶ.

ತಪ್ಪುಗಳು ಆಗುವುದೆಲ್ಲಿ?

ವಿಶ್ವವಿದ್ಯಾನಿಲಯವು ವಿದ್ವಾಂಸರ ಸಂಸ್ಥೆಯಾದ್ದರಿಂದ ಅಲ್ಲಿ ತಪ್ಪು ನಡೆಯದೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಪರೀಕ್ಷೆಯ ಕಾರ್ಯವು ದೊಡ್ಡದೊಂದು ಮದುವೆಯ ಅಡುಗೆಯಂತೆ. ಕೈಗಳು ಅನೇಕ, ಸಮಯ ಅಲ್ಪ. ಪರೀಕ್ಷಕರೊಬ್ಬರು ಒಂದು ಪುಟವನ್ನು ತಿರುಗಿಸುವಾಗ ಎರಡು ಪುಟಗಳು ಒಟ್ಟಿಗೆ ತಿರುಗಬಹುದು. ಕೊನೆಯಲ್ಲಿ ಕಟ್ಟಿದ ಪುರವಣಿ ಹಾಳೆಯು ಕಣ್ತಪ್ಪಬಹುದು. ಒಳಗಿನ ಪುಟದಲ್ಲಿ ಕೊಟ್ಟ ಅಂಕವು ಮೇಲಿನ ಪುಟದ ಕೋಷ್ಟಕಕ್ಕೆ ಏರದೆ ಹೋಗಬಹುದು. ಕೂಡುವುದರಲ್ಲಿ ತಪ್ಪಬಹುದು, ಗಣಕಯಂತ್ರಕ್ಕೆ ತುಂಬುವಾಗ 71 ಎಂಬುದು 17 ಆಗಬಹುದು. ಹಾಜರಿದ್ದವನು ಗೈರುಹಾಜರೆಂದು ದಾಖಲಾಗಬಹುದು. ಇವು ಯಾರದೇ ದ್ವೇಷದಿಂದ ಆಗುವ ತಪ್ಪುಗಳಲ್ಲ; ಆದರೆ ಇವುಗಳ ಫಲವನ್ನು ಅನುಭವಿಸುವವನು ವಿದ್ಯಾರ್ಥಿ.

ಮುಂಬಯಿಯಲ್ಲಿ ನೆಲೆಸಿದ ನಮಗೆ ಇದಕ್ಕೆ ದೂರದ ಉದಾಹರಣೆ ಬೇಡ. 1857ರಲ್ಲಿ ಸ್ಥಾಪಿತವಾದ, ದೇಶದ ಅತಿ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ಒಂದಾದ ಮುಂಬಯಿ ವಿಶ್ವವಿದ್ಯಾನಿಲಯವು 2017ರ ಬೇಸಗೆಯ ಪರೀಕ್ಷೆಗಳಿಗೆ ಉತ್ತರಪತ್ರಿಕೆಗಳನ್ನು ಯಂತ್ರದಿಂದ ಬಿಂಬಿಸಿ, ತೆರೆಯ ಮೇಲೆಯೇ ತಿದ್ದುವ ಕ್ರಮವನ್ನು ಜಾರಿಗೆ ತಂದಿತು. ಸುಮಾರು 17 ಲಕ್ಷ ಪತ್ರಿಕೆಗಳು, ಸಿದ್ಧತೆ ಸಾಲದು. ಕುಲಾಧಿಪತಿಗಳಾದ ರಾಜ್ಯಪಾಲರು ಜುಲೈ 31ರ ಗಡುವು ಕೊಟ್ಟರೂ ಫಲಿತಾಂಶಗಳು ಮುಗಿಯಲಿಲ್ಲ, ಸೆಪ್ಟೆಂಬರಿನವರೆಗೆ ಎಳೆದವು. ಬೇರೆಡೆ ಪ್ರವೇಶ ಪಡೆಯಬೇಕಾಗಿದ್ದ ಮಕ್ಕಳು ಅಂಕಪಟ್ಟಿಯಿಲ್ಲದೆ ಪರದಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕುಲಪತಿಗಳನ್ನೇ ಹುದ್ದೆಯಿಂದ ತೆಗೆಯಲಾಯಿತು. ಅಷ್ಟು ದೊಡ್ಡ ಸಂಸ್ಥೆಯೂ ಎಡವಬಲ್ಲುದು, ಎಡವಿದ್ದಕ್ಕೆ ಉತ್ತರವನ್ನೂ ಕೊಡಬೇಕಾಗುವುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಒಂದು ಗ್ರೇಡಿನ ಬೆಲೆ

ಈಗಿನ ಅಂಕಪಟ್ಟಿಯನ್ನು ಓದುವುದು ನಮ್ಮ ಕಾಲದವರಿಗೆ ತುಸು ಕಷ್ಟ. 2015ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಸೂಚಿಸಿದ ಹತ್ತು ಅಂಶಗಳ ಕ್ರಮದಲ್ಲಿ 'ಓ' ಎಂದರೆ 10, 'ಎ ಪ್ಲಸ್' 9, 'ಎ' 8, 'ಬಿ ಪ್ಲಸ್' 7, 'ಬಿ' 6, 'ಸಿ' 5, 'ಪಿ' 4, 'ಎಫ್' ಎಂದರೆ ಸೊನ್ನೆ. ಒಂದೊಂದು ವಿಷಯಕ್ಕೂ ಇಂತಿಷ್ಟು ಕ್ರೆಡಿಟ್ ಎಂಬ ತೂಕವಿರುತ್ತದೆ. ಗ್ರೇಡಿನ ಅಂಶವನ್ನು ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್ಟುಗಳಿಂದ ಭಾಗಿಸಿದರೆ ಆ ಸೆಮಿಸ್ಟರಿನ ಸರಾಸರಿ ದೊರೆಯುತ್ತದೆ. ಉದಾಹರಣೆಗೆ, ಒಟ್ಟು 20 ಕ್ರೆಡಿಟ್ಟುಗಳ ಸೆಮಿಸ್ಟರಿನಲ್ಲಿ 4 ಕ್ರೆಡಿಟ್ಟಿನ ಒಂದು ವಿಷಯದಲ್ಲಿ 'ಸಿ'ಯು 'ಬಿ' ಆದರೆ ಸರಾಸರಿಯು 0.2ರಷ್ಟು ಏರುತ್ತದೆ. ಅಲ್ಪವೆಂದು ಕಾಣಬಹುದು. ಆದರೆ ಉದ್ಯೋಗಕ್ಕೆ ಕರೆಯುವವರು, ವಿದ್ಯಾರ್ಥಿವೇತನ ಕೊಡುವವರು, ಉನ್ನತ ವ್ಯಾಸಂಗಕ್ಕೆ ಸೇರಿಸಿಕೊಳ್ಳುವವರು ಎಲ್ಲರೂ ಒಂದು ಗೆರೆಯನ್ನು ಎಳೆದಿರುತ್ತಾರೆ. ಆ ಗೆರೆಯ ಈಚೆ ನಿಂತವನಿಗೂ ಆಚೆ ನಿಂತವನಿಗೂ ನಡುವಣ ಅಂತರವು ಎಷ್ಟೋ ಬಾರಿ ಇಷ್ಟೇ ಆಗಿರುತ್ತದೆ.

ಮೂರು ಬಾಗಿಲುಗಳು

ಫಲಿತಾಂಶದ ಮೇಲೆ ಸಂಶಯವುಳ್ಳ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದೊಳಗೇ ಸಾಮಾನ್ಯವಾಗಿ ಮೂರು ಬಗೆಯ ಪರಿಹಾರಗಳಿವೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಬೇಗ ತಿಳಿದೀತು.

ಮೊದಲನೆಯದು ಮರು ಎಣಿಕೆ. ಇದು ಬಿಲ್ಲನ್ನು ಮತ್ತೊಮ್ಮೆ ಕೂಡಿದಂತೆ. ಕೊಟ್ಟ ಅಂಕಗಳನ್ನು ಯಾರೂ ಬದಲಿಸುವುದಿಲ್ಲ. ಎಲ್ಲ ಉತ್ತರಗಳಿಗೂ ಅಂಕ ಬಿದ್ದಿದೆಯೇ, ಮೊತ್ತ ಸರಿಯೇ, ಪಟ್ಟಿಗೆ ಸರಿಯಾಗಿ ಏರಿದೆಯೇ ಎಂದಷ್ಟೇ ನೋಡುತ್ತಾರೆ. ಎರಡನೆಯದು ತಿದ್ದಿದ ಉತ್ತರಪತ್ರಿಕೆಯ ನಕಲು ಪ್ರತಿ. ಇದು ಟೇಬಲ್ಲಿನಿಂದ ಅಡಿಗೆಮನೆಗೆ ಹೋದ ಚೀಟಿಯನ್ನು ತರಿಸಿ ನೋಡಿದಂತೆ. ಏನು ಬರೆದಿದ್ದೆವು, ಅದಕ್ಕೆ ಏನು ಬಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಮೂರನೆಯದು ಮರುಮೌಲ್ಯಮಾಪನ. ಇದು ಅಡಿಗೆಯನ್ನೇ ಬೇರೆ ಭಟ್ಟರಿಂದ ರುಚಿ ನೋಡಿಸಿದಂತೆ. ಇನ್ನೊಬ್ಬ ಪರೀಕ್ಷಕರು ಇಡೀ ಪತ್ರಿಕೆಯನ್ನು ಹೊಸದಾಗಿ ತಿದ್ದುತ್ತಾರೆ.

ಈ ಮೂರರಲ್ಲಿ ಮೊದಲು ಎರಡನೆಯದನ್ನೇ ಹಿಡಿಯಿರೆಂದು ನಮ್ಮ ಸಲಹೆ. ಪ್ರತಿಯನ್ನು ಕಾಣದೆ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವುದು ಕಣ್ಣು ಮುಚ್ಚಿ ಪಣ ಕಟ್ಟಿದಂತೆ. ಪ್ರತಿ ಕೈಗೆ ಬಂದಾಗ ಅದನ್ನು ಪ್ರಶ್ನಪತ್ರಿಕೆಯೊಂದಿಗೆ ಪಕ್ಕದಲ್ಲಿಟ್ಟು, ಒಂದೊಂದು ಉಪಪ್ರಶ್ನೆಗೂ ಬಿದ್ದ ಅಂಕವನ್ನು ಬೇರೆ ಹಾಳೆಯಲ್ಲಿ ಬರೆದು ಕೂಡಬೇಕು. ಅಂಕ ಬೀಳದ ಉತ್ತರ ಯಾವುದು, ಪುಟಗಳ ಸಂಖ್ಯೆ ಸರಿಯಿದೆಯೇ, ಪುರವಣಿ ಸೇರಿದೆಯೇ ಎಂದು ನೋಡಬೇಕು. ಆ ವಿಷಯವನ್ನು ಕಲಿಸಿದ ಅಧ್ಯಾಪಕರಿಗೆ ಒಮ್ಮೆ ತೋರಿಸಿ ಅಭಿಪ್ರಾಯ ಕೇಳಬೇಕು. ಕರ್ನಾಟಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ವಾಚಕರಿಗೆ ಇದು ಹೊಸತಲ್ಲ, ಅಲ್ಲಿಯ ಪಿ.ಯು.ಸಿ. ಪರೀಕ್ಷೆಯಲ್ಲಿ ಮೊದಲು ಪ್ರತಿ ಪಡೆದು, ನಂತರ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಪದ್ಧತಿ ರೂಢಿಯಲ್ಲಿದೆ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಒಂದು, ಅವಧಿ. ಫಲಿತಾಂಶ ಪ್ರಕಟವಾದ ದಿನದಿಂದ ಕೆಲವೇ ದಿನಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ನಿಯಮವಿರುತ್ತದೆ. ಈ ದಿನಗಳೂ ಶುಲ್ಕವೂ ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಬೇರೆ. ಆದ್ದರಿಂದ ಫಲಿತಾಂಶ ಬಂದ ದಿನವೇ ಪರೀಕ್ಷಾ ವಿಭಾಗದ ಸುತ್ತೋಲೆಯನ್ನು ನೋಡಿ, ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಬೇಕು. ಎರಡು, ಮರುಮೌಲ್ಯಮಾಪನದಲ್ಲಿ ಅಂಕ ಏರಿದಂತೆ ಇಳಿಯಲೂಬಹುದು. ಇಳಿದ ಅಂಕವನ್ನೇ ಕೊನೆಯದೆಂದು ಹಿಡಿಯುವ ನಿಯಮ ಇದೆಯೇ ಇಲ್ಲವೇ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಮೂರು, ಅರ್ಜಿಯ ಫಲ ಬರುವುದರೊಳಗೆ ಮುಂದಿನ ಪರೀಕ್ಷೆಯ ಅರ್ಜಿ ತುಂಬುವ ದಿನ ಬಂದರೆ, ಎ.ಟಿ.ಕೆ.ಟಿ. ಫಾರ್ಮನ್ನು ತಪ್ಪದೆ ತುಂಬಬೇಕು. "ಹೇಗೂ ಮರುಮೌಲ್ಯಮಾಪನದಲ್ಲಿ ಪಾಸಾಗುತ್ತೇನೆ" ಎಂಬ ಭರವಸೆಯಲ್ಲಿ ಫಾರ್ಮು ತುಂಬದೆ ಕುಳಿತರೆ, ಎರಡು ದೋಣಿಗಳೂ ಕೈಬಿಟ್ಟು ನಡುನೀರಿನಲ್ಲಿ ನಿಂತಂತಾದೀತು.

ಆಂತರಿಕ ಅಂಕಗಳ ಮಾತೇ ಬೇರೆ. ಕಾಲೇಜಿನಲ್ಲಿಯೇ ಕೊಡುವ ಈ ಅಂಕಗಳು ಹೆಚ್ಚಿನ ವಿಶ್ವವಿದ್ಯಾನಿಲಯಗಳಲ್ಲಿ ಮರುಮೌಲ್ಯಮಾಪನಕ್ಕೆ ಒಳಪಡುವುದಿಲ್ಲ. ಅಲ್ಲಿ ಮೊದಲು ಅಧ್ಯಾಪಕರನ್ನು, ಬಳಿಕ ವಿಭಾಗದ ಮುಖ್ಯಸ್ಥರನ್ನು, ಆಮೇಲೆ ಪ್ರಾಂಶುಪಾಲರನ್ನು ಕ್ರಮವಾಗಿ ಕಾಣಬೇಕು. ಅದೂ ಅಂಕಗಳು ವಿಶ್ವವಿದ್ಯಾನಿಲಯಕ್ಕೆ ಹೋಗುವ ಮೊದಲೇ ಕಾಣುವುದು ಲೇಸು. ಒಪ್ಪಿಸಿದ ಪ್ರಬಂಧ, ಬರೆದ ಕಿರುಪರೀಕ್ಷೆಯ ಹಾಳೆ, ಹಾಜರಿಯ ದಾಖಲೆ ಇವುಗಳ ಪ್ರತಿಯನ್ನು ಇಟ್ಟುಕೊಂಡವನ ಮಾತಿಗೆ ತೂಕ ಹೆಚ್ಚು.

ಕಾನೂನು ನಡೆದು ಬಂದ ದಾರಿ

ತಿದ್ದಿದ ಪತ್ರಿಕೆಯನ್ನು ಕಾಣುವ ಈ ಹಕ್ಕು ಸುಲಭವಾಗಿ ದೊರೆತದ್ದಲ್ಲ. ಮಹಾರಾಷ್ಟ್ರದ ಮಾಧ್ಯಮಿಕ ಹಾಗೂ ಉಚ್ಚ ಮಾಧ್ಯಮಿಕ ಪರೀಕ್ಷಾ ಮಂಡಳಿಯು ಉತ್ತರಪತ್ರಿಕೆಗಳನ್ನು ತೋರಿಸಲಾಗದು, ಮರುಮೌಲ್ಯಮಾಪನ ಇಲ್ಲ ಎಂಬ ನಿಯಮ ಮಾಡಿದಾಗ ಮುಂಬಯಿ ಉಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಪರವಾಗಿ ತೀರ್ಪಿತ್ತಿತ್ತು. ಆದರೆ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಮಂಡಳಿಯ ನಿಯಮವೇ ಊರ್ಜಿತವೆಂದಿತು. ಕಾಲು ಶತಮಾನ ಕಾಲ ವಿದ್ಯಾರ್ಥಿಗಳ ಮುಂದೆ ಆ ಬಾಗಿಲು ಮುಚ್ಚಿಯೇ ಇತ್ತು.

2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ಪರೀಕ್ಷೆ ಬರೆದ ಒಬ್ಬ ವಿದ್ಯಾರ್ಥಿಯು ಈ ಕಾಯಿದೆಯ ಪ್ರಕಾರ ತನ್ನ ಉತ್ತರಪತ್ರಿಕೆಯನ್ನು ಕೇಳಿದ, ಮಂಡಳಿಯು ಇಲ್ಲವೆಂದಿತು. ವ್ಯಾಜ್ಯವು ಕಲ್ಕತ್ತೆಯ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. 2011ರ ಆಗಸ್ಟ್ 9ರಂದು ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಎ.ಕೆ. ಪಟ್ನಾಯಕ್ ಅವರ ಪೀಠವು, ತಿದ್ದಿದ ಉತ್ತರಪತ್ರಿಕೆಯು ಕಾಯಿದೆಯ ಅರ್ಥದಲ್ಲಿ 'ಮಾಹಿತಿ'ಯೇ ಆಗಿದೆ, ಅದನ್ನು ಪರಿಶೀಲಿಸುವ ಹಾಗೂ ಅದರ ಪ್ರತಿ ಪಡೆಯುವ ಹಕ್ಕು ಪರೀಕ್ಷೆ ಬರೆದವನಿಗಿದೆ ಎಂದು ನಿರ್ಣಯಿಸಿತು. ನ್ಯಾಯಮೂರ್ತಿ ರವೀಂದ್ರನ್ ಅವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರೆಂಬುದು ನಮ್ಮವರಿಗೆ ಸಂತೋಷದ ಸಂಗತಿ.

ಆದರೆ ತೀರ್ಪಿನ ಮಿತಿಗಳನ್ನೂ ಅರಿತಿರಬೇಕು. ಪರೀಕ್ಷಕರ ಹೆಸರನ್ನು ತಿಳಿಸಲಾಗದು; ಅದು ಅವರ ಸುರಕ್ಷತೆಗಾಗಿ. ಉತ್ತರಪತ್ರಿಕೆಗಳನ್ನು ನಿಯಮದ ಪ್ರಕಾರ ಕಾದಿಡುವ ಅವಧಿಯೊಳಗೆ ಮಾತ್ರ ಕೇಳಬಹುದು. ನಾಶಪಡಿಸಿದ ಮೇಲೆ ಕೇಳಿ ಫಲವಿಲ್ಲ. ಮಾಹಿತಿ ಹಕ್ಕಿನಿಂದ ಪ್ರತಿ ದೊರೆತೀತೇ ಹೊರತು ಅದರಿಂದಲೇ ಮರುಮೌಲ್ಯಮಾಪನದ ಹಕ್ಕು ಹುಟ್ಟುವುದಿಲ್ಲ. ಮುಂದೆ 2018ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಇಂಥ ಮಾಹಿತಿಯನ್ನು ಕೇಳಿದ ಮಾತ್ರಕ್ಕೆ ಯಾಂತ್ರಿಕವಾಗಿ ಕೊಡಬೇಕಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದಕಾರಣ ಉದ್ಯೋಗದ ಸ್ಪರ್ಧಾಪರೀಕ್ಷೆಯನ್ನೂ ವಿಶ್ವವಿದ್ಯಾನಿಲಯದ ಪರೀಕ್ಷೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರದ ನಿಯಮಗಳಂತೆ ಶುಲ್ಕ 10 ರೂಪಾಯಿ, ನಕಲಿಗೆ ಪುಟವೊಂದಕ್ಕೆ 2 ರೂಪಾಯಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಾಹಿತಿ ಏಕೆ ಬೇಕೆಂಬ ಕಾರಣವನ್ನು ಹೇಳಬೇಕಾದ ಅಗತ್ಯವಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ನಿರಾಕರಿಸಿದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಇಲ್ಲಿ ಒಂದು ಸೂಕ್ಷ್ಮವಿದೆ. ಮಾಹಿತಿ ಹಕ್ಕಿನ 30 ದಿನಗಳು ಕಳೆಯುವಷ್ಟರಲ್ಲಿ ಮರುಮೌಲ್ಯಮಾಪನದ ಕೊನೆಯ ದಿನವೇ ದಾಟಿ ಹೋಗಬಹುದು. ಆದ್ದರಿಂದ ಪ್ರತಿ ಕೊಡುವ ವ್ಯವಸ್ಥೆಯು ವಿಶ್ವವಿದ್ಯಾನಿಲಯದಲ್ಲೇ ಇದ್ದರೆ ಮೊದಲು ಅದನ್ನೇ ಬಳಸಿರಿ. ಅದಿಲ್ಲದೆಡೆ, ಅಥವಾ ಅದು ವಿಫಲವಾದೆಡೆ, ಮಾಹಿತಿ ಹಕ್ಕಿನ ಮೊರೆಹೊಗಿರಿ.

ಕುಂದುಕೊರತೆಯ ಸಮಿತಿ

ಇಷ್ಟರಿಂದಲೂ ನ್ಯಾಯ ಸಿಗದಿದ್ದರೆ? ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆಗಳ ಪರಿಹಾರಕ್ಕಾಗಿ ಹೊಸ ನಿಯಮಾವಳಿಯನ್ನು ಹೊರಡಿಸಿದೆ. ಇದರಂತೆ ಸಂಸ್ಥೆಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದಕ್ಕೆ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು. ಹಿರಿಯ ಅಧ್ಯಾಪಕರು ನಾಲ್ವರು ಸದಸ್ಯರು. ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬ ವಿಶೇಷ ಆಹ್ವಾನಿತ. ಅಧ್ಯಕ್ಷರು ಹಾಗೂ ಸದಸ್ಯರ ಪೈಕಿ ಒಬ್ಬರಾದರೂ ಮಹಿಳೆಯಾಗಿರಬೇಕು, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಇಲ್ಲವೇ ಹಿಂದುಳಿದ ವರ್ಗಕ್ಕೆ ಸೇರಿರಬೇಕು. ಮೌಲ್ಯಮಾಪನದಲ್ಲಿ ಪಾರದರ್ಶಕತೆಯಿಲ್ಲದ ಅಥವಾ ಅನ್ಯಾಯದ ಕ್ರಮಗಳು, ಫಲಿತಾಂಶದಲ್ಲಿ ವಿಳಂಬ, ಇವೆರಡೂ ಅಲ್ಲಿ ದೂರಿಡಬಹುದಾದ ವಿಷಯಗಳಾಗಿವೆ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿಯು ವರದಿ ಕೊಡುವುದು ಅಪೇಕ್ಷಿತ. ಅದರ ಪ್ರತಿಯು ದೂರುಕೊಟ್ಟ ವಿದ್ಯಾರ್ಥಿಗೂ ಹೋಗಬೇಕು.

ಸಮಿತಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿಗಳು, ನಿವೃತ್ತ ಹಿರಿಯ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಹುದ್ದೆಗೆ ನೇಮಕವಾಗುತ್ತಾರೆ; ಅವರು 30 ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕು. ಆದರೆ ವಾಚಕರು ಒಂದು ಮಾತನ್ನು ಮರೆಯಬಾರದು. ಕೇವಲ "ನನ್ನ ಪತ್ರಿಕೆಯನ್ನು ಇನ್ನೊಮ್ಮೆ ತಿದ್ದಿ" ಎಂಬ ಮನವಿಯನ್ನು ಇವರು ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ನಿರ್ದಿಷ್ಟ ತಾರತಮ್ಯವನ್ನೋ ತೋರಿಸಿಕೊಡಬೇಕು. ಪ್ರತಿಯನ್ನು ಮೊದಲು ಪಡೆದಿಟ್ಟುಕೊಳ್ಳಿರೆಂದು ನಾವು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ನಿಯಮವಿದ್ದ ಮಾತ್ರಕ್ಕೆ ಎಲ್ಲೆಡೆ ನಡೆಯುತ್ತದೆಂದಲ್ಲ. ಓಂಬುಡ್ಸ್‌ಪರ್ಸನ್ನರನ್ನು ನೇಮಿಸದ 157 ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ 2024ರಲ್ಲಿ ಪ್ರಕಟಿಸಿ ಎಚ್ಚರಿಸಬೇಕಾಯಿತು. ಮಹಾರಾಷ್ಟ್ರದ 2016ರ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಕಾಯಿದೆಯು ಪರೀಕ್ಷೆ ಮುಗಿದ 30 ದಿನಗಳಲ್ಲಿ, ತಡವಾದರೂ 45 ದಿನಗಳಲ್ಲಿ ಫಲಿತಾಂಶ ಬರಬೇಕೆನ್ನುತ್ತದೆ. 2017ರಲ್ಲಿ ನಡೆದದ್ದೇನೆಂಬುದನ್ನು ಮೇಲೆ ಹೇಳಿದ್ದೇವೆ. ಕಾಗದದ ಮೇಲಿನ ಹಕ್ಕಿಗೆ ಜೀವ ಬರುವುದು ಕೇಳುವವರಿದ್ದಾಗ ಮಾತ್ರ.

ಎಲ್ಲಕ್ಕೂ ಕೊನೆಯದು ನ್ಯಾಯಾಲಯ. ಅಲ್ಲಿಗೆ ಹೋಗಲು ನಾವು ಯಾರನ್ನೂ ಹುರಿದುಂಬಿಸುವುದಿಲ್ಲ. ಮರುಮೌಲ್ಯಮಾಪನದ ನಿಯಮವಿಲ್ಲದೆಡೆ, ತಪ್ಪು ಅತಿ ಸ್ಪಷ್ಟವಾಗಿ ಎದ್ದು ಕಾಣುವ ವಿರಳ ಪ್ರಸಂಗದಲ್ಲಿ ಮಾತ್ರ ನ್ಯಾಯಾಲಯವು ಕೈಹಾಕಬಹುದು. ಸಂಶಯವಿದ್ದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೆ ಹೋಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ಹೇಳಿದೆ. ವಕೀಲರ ಶುಲ್ಕವೂ ಕಾಲವೂ ನಮ್ಮಂಥವರಿಗೆ ಭಾರ.

ಅರ್ಜಿ ಬರೆಯುವ ಬಗೆ

ಅರ್ಜಿಯು ಚಿಕ್ಕದಾಗಿರಲಿ, ಚೊಕ್ಕವಾಗಿರಲಿ. ಕೋಪವೂ ಬೇಡ, ಕಣ್ಣೀರೂ ಬೇಡ. ಬಡತನದ ಕಥೆಯಿಂದ ಅಂಕ ಏರುವುದಿಲ್ಲ. ಪುಟದ ಸಂಖ್ಯೆಯಿಂದ ಏರುತ್ತದೆ. ಮಾದರಿಗೆ ಇಷ್ಟು ಸಾಕು. ಆಯಾ ಊರಿಗೆ ತಕ್ಕಂತೆ ಇಂಗ್ಲಿಷಿಗೋ ಮರಾಠಿಗೋ ಹಿಂದಿಗೋ ತಿರುಗಿಸಿಕೊಳ್ಳಬಹುದು:

"ಮಾನ್ಯರೇ, ನಾನು ಇಂಥ ತರಗತಿಯ, ಇಂಥ ಆಸನ ಸಂಖ್ಯೆಯ ವಿದ್ಯಾರ್ಥಿ. ಇಂಥ ದಿನ ಪ್ರಕಟವಾದ ಫಲಿತಾಂಶದಲ್ಲಿ ಇಂಥ ವಿಷಯಕ್ಕೆ ನನಗೆ ಇಷ್ಟು ಅಂಕಗಳು ಬಂದಿವೆ. ನಾನು ಪಡೆದ ಉತ್ತರಪತ್ರಿಕೆಯ ಪ್ರತಿಯಲ್ಲಿ ಇಂಥ ಪುಟದ ಇಂಥ ಪ್ರಶ್ನೆಯ ಉತ್ತರಕ್ಕೆ ಅಂಕ ಕೊಟ್ಟಿರುವುದು ಕಾಣುವುದಿಲ್ಲ. ಪ್ರತಿಯನ್ನೂ ಶುಲ್ಕದ ರಸೀತಿಯನ್ನೂ ಲಗತ್ತಿಸಿದ್ದೇನೆ. ಪರಿಶೀಲಿಸಿ ಸರಿಪಡಿಸಬೇಕಾಗಿ ವಿನಂತಿ."

ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ಗಣಕಯಂತ್ರದ ಮೂಲಕ ಸಲ್ಲಿಸಿದರೆ ಸ್ವೀಕೃತಿಯ ಸಂಖ್ಯೆಯನ್ನು ಬರೆದಿಡಬೇಕು. ಪ್ರವೇಶಪತ್ರ, ರಸೀತಿ, ಅಂಕಪಟ್ಟಿ ಎಲ್ಲವೂ ಒಂದೇ ಕಡತದಲ್ಲಿರಲಿ. "ಇಷ್ಟು ಕೊಟ್ಟರೆ ಅಂಕ ಏರಿಸಿಕೊಡುತ್ತೇನೆ" ಎಂದು ಕಾಲೇಜಿನ ಗೇಟಿನ ಬಳಿ ಸುಳಿಯುವ ಏಜೆಂಟರ ನೆರಳಿಗೂ ನಿಲ್ಲಬೇಡಿ. ಹಣವೂ ಹೋದೀತು, ಸಿಕ್ಕಿಬಿದ್ದರೆ ಹುಡುಗನ ಭವಿಷ್ಯವೂ ಹೋದೀತು.

ಕಳೆದ ವರ್ಷ ಒಂದು ಸಂಜೆ ಆ ಹಳೆಯ ಹುಡುಗನೇ, ಈಗ ತಲೆ ನರೆಯತೊಡಗಿದವನು, ತನ್ನ ಅಕ್ಕನ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದ. ಸೋದರಳಿಯನಿಗೆ ಎರಡು ಪತ್ರಿಕೆಗಳು ಹೋಗಿದ್ದವು. ಒಂದರಲ್ಲಿ ಪಾಸಿಗೆ 40 ಬೇಕಾದಲ್ಲಿ 38 ಬಂದಿತ್ತು. "ಧಣೀ, ಈ ಸಲ ಹಣೆಬರಹವೆನ್ನಬೇಡಿ" ಎಂದು ನಕ್ಕ. ನಾವು ನಗಲಾರದಾದೆವು. ಅಂದು ರಾತ್ರಿಯೇ ಮೂವರೂ ಕುಳಿತು ಸುತ್ತೋಲೆ ಓದಿದೆವು. ಎರಡೂ ಪತ್ರಿಕೆಗಳ ಪ್ರತಿಗೆ ಅರ್ಜಿ ಹಾಕಿಸಿದೆವು. ಪ್ರತಿಗಳು ಬಂದಾಗ ಮೊದಲನೆಯದರ ಪುರವಣಿಯಲ್ಲಿ ಎಂಟು ಅಂಕದ ಒಂದು ಇಡೀ ಉತ್ತರವು ಪರೀಕ್ಷಕರ ಗುರುತಿಲ್ಲದೆ ಬೆಳ್ಳಗೆ ಉಳಿದಿತ್ತು. ಅದಕ್ಕೆ ಅರ್ಜಿ ಹೋಯಿತು. ಐದು ಅಂಕಗಳು ಬಿದ್ದವು. 38 ಎಂಬುದು 43 ಆಯಿತು.

ಎರಡನೆಯ ಪತ್ರಿಕೆಯನ್ನು ಹುಡುಗ ಬಹಳ ಹೊತ್ತು ನೋಡಿದ. ಕೊನೆಗೆ ತಲೆಯೆತ್ತಿ, "ಮಾವಾ, ಇದರಲ್ಲಿ ತಪ್ಪು ನನ್ನದೇ. ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲ. ಇದಕ್ಕೆ ಮತ್ತೆ ಬರೆಯುತ್ತೇನೆ" ಎಂದ. ಮೊದಲನೆಯ ಪತ್ರಿಕೆಯ ಐದು ಅಂಕಗಳಿಗಿಂತ ಈ ಮಾತೇ ನಮಗೆ ದೊಡ್ಡದೆನಿಸಿತು. ತಪ್ಪು ಯಾರದೆಂದು ಕಣ್ಣಾರೆ ಕಂಡವನಿಗೆ ಮುಂದಿನ ದಾರಿ ಕಾಣುತ್ತದೆ. ಕಾಣದವನು ವ್ಯವಸ್ಥೆಯನ್ನೋ ತನ್ನನ್ನೋ ಹಳಿಯುತ್ತ ಕಾಲ ಕಳೆಯುತ್ತಾನೆ.

ಈ ನಗರಕ್ಕೆ ಬರಿಗೈಯಲ್ಲಿ ಬಂದ ನಮ್ಮ ಹಿರಿಯರು ಹಗಲು ಲೋಟ ತೊಳೆದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತವರು. ಆ ಶಾಲೆಗಳನ್ನು ಕಟ್ಟಿದವರೂ ನಮ್ಮ ಸಂಘ ಸಂಸ್ಥೆಗಳವರೇ. ಆ ಋಣವನ್ನು ತೀರಿಸಲು ಇಂದು ದೊಡ್ಡ ಕಟ್ಟಡಗಳೇ ಬೇಕೆಂದಿಲ್ಲ. ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಿಗೆ ಅರ್ಜಿ ಬರೆಯುವುದು ನೀರು ಕುಡಿದಷ್ಟು ಸುಲಭ. ಫಲಿತಾಂಶಗಳ ದಿನಗಳಲ್ಲಿ ಅವರು ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಪಕ್ಕದ ಹೋಟೆಲಿನ ಹುಡುಗನ ಅಂಕಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಸಾಕು. ಹೋಟೆಲು ಮಾಲೀಕ ಮಿತ್ರರಲ್ಲಿಯೂ ನಮ್ಮದೊಂದು ಬಿನ್ನಹ: ನಿಮ್ಮ ಗಲ್ಲೆಯ ಮೇಲೆ ಯಾವನಾದರೂ ಹುಡುಗ ನಾಲ್ಕು ಮಡಿಕೆಯ ಕಾಗದವನ್ನು ತಂದಿಟ್ಟರೆ, ಅಂದಿನ ನಮ್ಮ ಉತ್ತರವನ್ನು ಕೊಡಬೇಡಿ. "ಕೊನೆಯ ದಿನಾಂಕ ಯಾವತ್ತಪ್ಪಾ?" ಎಂದು ಕೇಳಿ. ಅರ್ಧ ದಿನದ ರಜೆ ಕೊಟ್ಟು ಕಳಿಸಿ.